ಕಸುಬು ಕಲಿತವರಿಗೂ ಒಂದು ಘಟಿಕೋತ್ಸವ

2022ರ ಸೆಪ್ಟೆಂಬರ್ 17, ವಿಶ್ವಕರ್ಮ ಜಯಂತಿ. ಅದುವರೆಗೆ ಎಂದೂ ನಡೆಯದಿದ್ದ ಸಮಾರಂಭವೊಂದು ಅಂದು ದೇಶದ ಐಟಿಐಗಳಲ್ಲಿ ನಡೆಯಿತು. ಫಿಟ್ಟರ್, ಟರ್ನರ್, ವೆಲ್ಡರ್, ಎಲೆಕ್ಟ್ರೀಷಿಯನ್, ಮೋಟಾರ್ ಮೆಕ್ಯಾನಿಕ್, ಹೊಲಿಗೆ ಹೀಗೆ ಹತ್ತಾರು ಕಸುಬುಗಳಲ್ಲಿ ತರಬೇತಿ ಮುಗಿಸಿದ ಹುಡುಗ ಹುಡುಗಿಯರಿಗೆ ಘಟಿಕೋತ್ಸವ ಏರ್ಪಟ್ಟಿತ್ತು. ‘ಕೌಶಲ ದೀಕ್ಷಾಂತ ಸಮಾರೋಹ’ ಎಂದು ಅದಕ್ಕೆ ಹೆಸರು. ಒಂಬತ್ತು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಘಟಿಕೋತ್ಸವ ಅದು. ಪ್ರಧಾನಮಂತ್ರಿ ವಿಡಿಯೊ ಮೂಲಕ ಅವರನ್ನು ಉದ್ದೇಶಿಸಿ ಮಾತನಾಡಿದರು.

ಐಟಿಐಗಳಿಗೆ ಆಧಾರವಾದ ಕುಶಲಕರ್ಮಿ ತರಬೇತಿ ಯೋಜನೆ ಶುರುವಾದದ್ದು 1950ರಲ್ಲಿ. ಅಂದರೆ ಮೊದಲ ಘಟಿಕೋತ್ಸವಕ್ಕೆ 72 ವರ್ಷ ಕಾಯಬೇಕಾಯಿತು. ಅಷ್ಟು ಕಾಲದಲ್ಲಿ ಎಷ್ಟು ತಲೆಮಾರಿನ ಮಕ್ಕಳು ಅಲ್ಲಿ ಕಲಿತು ಹೋದರು! ನಮ್ಮ ಅಣೆಕಟ್ಟುಗಳಿಗೆ ಗೇಟು ಕೂರಿಸಿದವರು, ಬಿಎಂಟಿಸಿ ಡಿಪೊಗಳಲ್ಲಿ ಎಂಜಿನ್ ಬಿಚ್ಚಿ ಜೋಡಿಸಿದವರು, ನಮ್ಮ ಮನೆಗಳಿಗೆ ಕರೆಂಟು ಎಳೆದವರು ಅವರೇ. ಅವರಲ್ಲಿ ಬಹುಪಾಲು ಮಂದಿ ಪ್ರಮಾಣಪತ್ರವನ್ನು ಕಚೇರಿಯ ಕೌಂಟರಿನಲ್ಲಿ ಸಹಿ ಹಾಕಿ ಪಡೆದು, ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಬಸ್ಸು ಹತ್ತಿದವರು. ಯಾರೂ ಅವರ ಹೆಸರನ್ನು ಮೈಕಿನಲ್ಲಿ ಕೂಗಲಿಲ್ಲ. ಯಾರೂ ಎದ್ದು ನಿಂತು ಚಪ್ಪಾಳೆ ತಟ್ಟಲಿಲ್ಲ.

ಒಂದು ಸಮಾಜ ಯಾರನ್ನು ವೇದಿಕೆಗೆ ಕರೆಯುತ್ತದೆ, ಯಾರನ್ನು ಕೌಂಟರಿನಿಂದಲೇ ಕಳಿಸಿಬಿಡುತ್ತದೆ ಎಂಬುದರಲ್ಲೇ ಅದು ಯಾವ ಕಲಿಕೆಗೆ ಎಷ್ಟು ಬೆಲೆ ಕೊಡುತ್ತದೆಂಬುದು ತಿಳಿಯುತ್ತದೆ. ಈ ಲೇಖನ ಆ ವೇದಿಕೆಯ ಕುರಿತದ್ದು. ಕಾಲೇಜುಗಳಿಗೆ ಹೆಸರಾದ ದಕ್ಷಿಣ ಬೆಂಗಳೂರಿನಲ್ಲಿ ಡಿಪ್ಲೊಮಾ, ಸರ್ಟಿಫಿಕೇಟ್, ಸಂಜೆ ಕಾಲೇಜಿನ ಪದವಿ ಪಡೆಯುವವರಿಗೂ ಆ ವೇದಿಕೆ ಸಿಗಬೇಕೆಂಬುದು ಇದರ ಒತ್ತಾಯ.

ಡೇರಿ ಸರ್ಕಲ್‌ನಿಂದ ಬನಶಂಕರಿವರೆಗೆ

ಕೇಂದ್ರ ಸರ್ಕಾರದ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2021–22ರ ವರದಿಯ ಪ್ರಕಾರ ದೇಶದಲ್ಲೇ ಅತಿ ಹೆಚ್ಚು ಕಾಲೇಜುಗಳಿರುವ ಜಿಲ್ಲೆ ಬೆಂಗಳೂರು ನಗರ. ಆ ವರ್ಷದ ಲೆಕ್ಕ 1106 ಕಾಲೇಜುಗಳು. ನಗರದ ದಕ್ಷಿಣ ಭಾಗದಲ್ಲಿ ಓಡಾಡಿದವರಿಗೆ ಈ ಅಂಕಿ ಅಚ್ಚರಿ ತರುವುದಿಲ್ಲ. ಬೆಳಿಗ್ಗೆ ಎಂಟೂವರೆಗೆ ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಲ್ಲೋ ಬನಶಂಕರಿಯ ಮೆಟ್ರೊ ಮೆಟ್ಟಿಲ ಮೇಲೋ ನಿಂತರೆ ಕೊರಳಲ್ಲಿ ಐಡಿ ಕಾರ್ಡ್ ನೇತುಹಾಕಿಕೊಂಡ ಮಕ್ಕಳ ಹೊಳೆಯೇ ಹರಿಯುತ್ತದೆ.

ಜಯನಗರ ಬಡಾವಣೆಗೆ 1948ರಲ್ಲಿ ಅಡಿಗಲ್ಲು ಹಾಕಿದವರು ಸಿ. ರಾಜಗೋಪಾಲಾಚಾರಿ. ಒಂದನೇ ಬ್ಲಾಕಿನ ಅಶೋಕ ಸ್ತಂಭ ಅದರ ಗುರುತು. ಬಡಾವಣೆ ಬೆಳೆದಂತೆ ವಿದ್ಯಾಸಂಸ್ಥೆಗಳೂ ಬಂದವು. 1940ರಲ್ಲಿ ಎಂ.ಸಿ. ಶಿವಾನಂದ ಶರ್ಮರು ಕಟ್ಟಿದ ರಾಷ್ಟ್ರೀಯ ಶಿಕ್ಷಣ ಸಮಿತಿ 1954ರಲ್ಲಿ ಶಿಕ್ಷಕರ ಕಾಲೇಜನ್ನೂ 1973ರಲ್ಲಿ ಮೂರನೇ ಬ್ಲಾಕಿನಲ್ಲಿ ಎನ್‌ಎಂಕೆಆರ್‌ವಿ ಮಹಿಳಾ ಕಾಲೇಜನ್ನೂ ತೆರೆಯಿತು. ಮಹಿಳಾ ಕಾಲೇಜಿನ ಮೊದಲ ಪ್ರಾಂಶುಪಾಲರಾದ ಚಿ.ನ. ಮಂಗಳಾ ಅಲ್ಲಿ ಹೆಣ್ಣುಮಕ್ಕಳ ಬದುಕಿಗೆ ಸಂಬಂಧಿಸಿದ ‘ಶಾಶ್ವತಿ’ ವಸ್ತುಸಂಗ್ರಹಾಲಯವನ್ನೇ ಕಟ್ಟಿದರು. 1965ರಲ್ಲಿ ಜಯನಗರದ ನ್ಯಾಷನಲ್ ಕಾಲೇಜು ಶುರುವಾಯಿತು. 1973ರಲ್ಲಿ ನಗರಕ್ಕೆ ಐಐಎಂ ಬಂತು. ಜೆ.ಪಿ. ನಗರಕ್ಕೆ ಹತ್ತಿರದ ಬಿಳೇಕಹಳ್ಳಿಯಲ್ಲಿ, ಬನ್ನೇರುಘಟ್ಟ ರಸ್ತೆಯ ಅದರ ಕಲ್ಲಿನ ಕಟ್ಟಡಗಳ ಆವರಣದಲ್ಲಿ ನಡೆಯುವ ಘಟಿಕೋತ್ಸವದ ಸುದ್ದಿ ಪತ್ರಿಕೆಗಳಲ್ಲಿ ಪ್ರತಿವರ್ಷ ಚಿತ್ರಸಮೇತ ಬರುತ್ತದೆ.

ಇದೇ ಪ್ರದೇಶಕ್ಕೆ ಇನ್ನೊಂದು ವಿದ್ಯಾಚರಿತ್ರೆಯೂ ಇದೆ. ಅದು ಪತ್ರಿಕೆಗೆ ಬರುವುದು ಕಡಿಮೆ. ಡೇರಿ ಸರ್ಕಲ್ ಸಮೀಪ, ಹೊಸೂರು ರಸ್ತೆಯಲ್ಲಿ ಸರ್ಕಾರಿ ಐಟಿಐ ಇದೆ. ಅದೇ ರಸ್ತೆಯಲ್ಲಿ ಹೆಣ್ಣುಮಕ್ಕಳಿಗೆಂದೇ ಕೇಂದ್ರ ಸರ್ಕಾರದ ಕೌಶಲ ತರಬೇತಿ ಸಂಸ್ಥೆ ಇದೆ. ಆಡುಗೋಡಿಯಲ್ಲಿ ಮೈಕೊ ಕಾರ್ಖಾನೆ 1960ರಲ್ಲೇ ತನ್ನ ತರಬೇತಿ ಕೇಂದ್ರ ತೆರೆದಿತ್ತು. ಅಪ್ರೆಂಟಿಸ್ ಕಾಯ್ದೆ ಬಂದದ್ದು ಅದಾದ ಮರುವರ್ಷ, 1961ರಲ್ಲಿ. ಹತ್ತನೇ ತರಗತಿ ಮುಗಿಸಿದ ಹಳ್ಳಿ ಹುಡುಗರು ಅಲ್ಲಿ ಅರ ಹಿಡಿಯುವುದರಿಂದ ಆರಂಭಿಸಿ ಯಂತ್ರ ನಡೆಸುವುದನ್ನು ಕಲಿತರು. ಅಖಿಲ ಭಾರತ ಅಪ್ರೆಂಟಿಸ್ ಸ್ಪರ್ಧೆಗಳಲ್ಲಿ ಆ ಕೇಂದ್ರದವರು ಚಿನ್ನ ಗೆದ್ದು ತಂದರು. ಬಿಟಿಎಂ ಪಕ್ಕದ ಮೈಕೊ ಲೇಔಟ್ ಇಂದಿಗೂ ಆ ಕಾರ್ಖಾನೆಯ ಹೆಸರನ್ನೇ ಹೊತ್ತಿದೆ. ಈ ಭಾಗದ ಎಷ್ಟೋ ಮನೆಗಳ ಗೋಡೆ ಎದ್ದದ್ದು ಕಸುಬು ಕಲಿತವರ ಸಂಬಳದಿಂದ.

ಈ ಎರಡು ಚರಿತ್ರೆಗಳು ಒಂದೇ ರಸ್ತೆಯ ಎರಡು ಬದಿಯಲ್ಲಿವೆ. ಒಂದು ಬದಿಗೆ ಗೌನು, ಪದಕ, ಮುಖ್ಯ ಅತಿಥಿ. ಇನ್ನೊಂದು ಬದಿಗೆ ಕೌಂಟರು.

ಕಮ್ಯುನಿಟಿ ಕಾಲೇಜು ಬಂದ ದಾರಿ

ಈ ಎರಡು ಬದಿಗಳನ್ನು ಸೇರಿಸುವ ಪ್ರಯತ್ನವೇ ಕಮ್ಯುನಿಟಿ ಕಾಲೇಜು. ಅದರ ಮೊದಲ ಹೆಜ್ಜೆ 1901ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ ಬಿತ್ತು. ಅಲ್ಲಿನ ಹೈಸ್ಕೂಲಿನ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್ ಮತ್ತು ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಸೇರಿ ಆರು ವಿದ್ಯಾರ್ಥಿಗಳೊಂದಿಗೆ ಎರಡು ವರ್ಷದ ಕಾಲೇಜು ಆರಂಭಿಸಿದರು. ದೂರದ ವಿಶ್ವವಿದ್ಯಾಲಯಕ್ಕೆ ಹೋಗಲಾಗದ ಮಕ್ಕಳಿಗೆ ಊರಿನಲ್ಲೇ ಕಾಲೇಜಿನ ಪಾಠ ಸಿಗಲಿ ಎಂಬುದು ಅವರ ಉದ್ದೇಶ. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗವು ಇಂಥ ಕಾಲೇಜುಗಳು ದೇಶದ ಎಲ್ಲೆಡೆ ಬೇಕು ಎಂದು ಹೇಳಿದ ಮೇಲೆ ಅವು ವೇಗವಾಗಿ ಹಬ್ಬಿದವು.

ಇಂದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ಕಾಲೇಜುಗಳು ಹೊಸತಲ್ಲ. ಕ್ಯುಪರ್ಟಿನೊದಲ್ಲಿ 1967ರಲ್ಲಿ ಶುರುವಾದ ಡಿ ಆಂಜಾ ಕಾಲೇಜಿನಲ್ಲಿ ಆಪಲ್ ಸಂಸ್ಥಾಪಕರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಓದಿದ್ದರು. ಹೈಸ್ಕೂಲು ಮುಗಿಸಿದವರು, ಕೆಲಸ ಕಳೆದುಕೊಂಡು ಹೊಸ ವಿದ್ಯೆ ಅರಸುವವರು, ಮಕ್ಕಳು ಶಾಲೆಗೆ ಹೋದ ಮೇಲೆ ಪುಸ್ತಕ ಹಿಡಿದ ತಾಯಂದಿರು ಒಂದೇ ತರಗತಿಯಲ್ಲಿ ಕೂರುವುದು ಇಂಥ ಕಾಲೇಜುಗಳ ವಿಶೇಷ. ಪದವಿಯ ದಿನ ಅವರೆಲ್ಲ ಒಂದೇ ಬಣ್ಣದ ಗೌನು ತೊಟ್ಟು ನಡೆಯುತ್ತಾರೆ. ಐವತ್ತು ದಾಟಿದ ತಾಯಿ ವೇದಿಕೆ ಏರುವಾಗ ಕೆಳಗೆ ಕೂತ ಮಕ್ಕಳು ಕೂಗಿ ಹುರಿದುಂಬಿಸುತ್ತಾರೆ. ಎರಡೇ ವರ್ಷದ ಓದು ಎಂದು ಯಾರೂ ಅದನ್ನು ಕಿರಿದಾಗಿ ಕಾಣುವುದಿಲ್ಲ.

ನಮ್ಮಲ್ಲಿ ಈ ಹೆಸರಿನ ಕಾಲೇಜು ಮೊದಲು ಕಂಡದ್ದು ಪುದುಚೇರಿಯಲ್ಲಿ, 1995ರಲ್ಲಿ. ಮರುವರ್ಷ ಮದ್ರಾಸಿನಲ್ಲಿ ಇನ್ನೊಂದು. 2009ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಇದನ್ನು ರಾಷ್ಟ್ರಮಟ್ಟದ ಯೋಜನೆಯಾಗಿ ಕೈಗೆತ್ತಿಕೊಂಡಿತು. ‘ಇಗ್ನೊ’ದ ಬೆಂಗಳೂರು ಪ್ರಾದೇಶಿಕ ಕೇಂದ್ರದ ವಿಳಾಸ ಬಹಳ ವರ್ಷ ಜಯನಗರ ಎಂಟನೇ ಬ್ಲಾಕ್. ನೌಕರಿ ಮಾಡುತ್ತ ಓದುವ ಸಾವಿರಾರು ಮಂದಿ ಅರ್ಜಿ, ಅಸೈನ್‌ಮೆಂಟ್, ಅಂಕಪಟ್ಟಿ ಎಂದು ಅಲೆದ ವಿಳಾಸ ಅದು. ಇಗ್ನೊದ ಕಮ್ಯುನಿಟಿ ಕಾಲೇಜು ಯೋಜನೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಆದರೆ ಆ ವಿಶ್ವವಿದ್ಯಾಲಯದ ಇನ್ನೊಂದು ರೂಢಿ ಉಳಿದಿದೆ, ಅದು ಅನುಕರಣೀಯ. ದೆಹಲಿಯಲ್ಲಿ ಘಟಿಕೋತ್ಸವ ನಡೆಯುವಾಗಲೇ ಪ್ರಾದೇಶಿಕ ಕೇಂದ್ರಗಳಲ್ಲೂ ಅದು ನಡೆಯುತ್ತದೆ. ಮನೆಯಲ್ಲಿ ಕೂತು ಓದಿದವರಿಗೂ ಒಂದು ದಿನ ವೇದಿಕೆ ಸಿಗುತ್ತದೆ.

2013ರಲ್ಲಿ ಯುಜಿಸಿ ಕಮ್ಯುನಿಟಿ ಕಾಲೇಜುಗಳಿಗೆ ಹೊಸ ಯೋಜನೆ ರೂಪಿಸಿತು. ಹೊಸ ಕಟ್ಟಡ ಬೇಡ, ಈಗಿರುವ ಕಾಲೇಜು ಮತ್ತು ಪಾಲಿಟೆಕ್ನಿಕ್‌ಗಳಲ್ಲೇ ಅದು ನಡೆಯಲಿ. ಸುತ್ತಲಿನ ಉದ್ಯಮಗಳಿಗೆ ಬೇಕಾದ ಕೌಶಲವನ್ನು ಕಲಿಸಲಿ. ಪಾಠದ ಒಂದು ಭಾಗ ಕೆಲಸದ ಜಾಗದಲ್ಲೇ ಆಗಲಿ ಎಂಬುದು ಅದರ ಆಶಯ. ಪಠ್ಯದಲ್ಲಿ ಸುಮಾರು ಶೇ 60 ಕೌಶಲ, ಶೇ 40 ಭಾಷೆ ಮತ್ತು ಸಾಮಾನ್ಯ ಶಿಕ್ಷಣ. ಒಂದು ವರ್ಷಕ್ಕೆ ಡಿಪ್ಲೊಮಾ, ಎರಡು ವರ್ಷಕ್ಕೆ ಅಡ್ವಾನ್ಸ್ಡ್ ಡಿಪ್ಲೊಮಾ. ಮುಂದೆ ಓದುವ ಮನಸ್ಸಿದ್ದರೆ ಪದವಿಗೂ ದಾರಿ. ಅದೇ ವರ್ಷದ ಡಿಸೆಂಬರ್ 27ರಂದು ಪ್ರಕಟವಾದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಪ್ರತಿ ಹಂತದ ಕಲಿಕೆಗೂ ಒಂದು ಮಟ್ಟ ಗೊತ್ತುಮಾಡಿತು. ಕಾಗದದ ಮೇಲೆ ಕಸುಬಿನ ಕಲಿಕೆಗೂ ಪದವಿಗೂ ನಡುವೆ ಏಣಿ ಬಂತು.

ನಮಗೆ ಈ ಚಿಂತನೆ ಹೊರಗಿನಿಂದ ಬರಬೇಕಾಗಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1943ರಲ್ಲೇ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಹುಟ್ಟಿತ್ತು. ಇಂದಿನ ಎಸ್‌ಜೆ ಪಾಲಿಟೆಕ್ನಿಕ್ ಅದೇ. ಮೈಸೂರು ವಿಶ್ವವಿದ್ಯಾಲಯಕ್ಕೆ ಕಾರಣರಾದ ವ್ಯಕ್ತಿಯೇ ಕಸುಬಿನ ಶಾಲೆಗೂ ಕಾರಣರಾದರು. ಅವರ ಮಟ್ಟಿಗೆ ಎರಡೂ ನಾಡು ಕಟ್ಟುವ ಒಂದೇ ಕೆಲಸದ ಭಾಗಗಳಾಗಿದ್ದವು.

ಸಂಜೆ ತೆರೆಯುತ್ತಿದ್ದ ಬಾಗಿಲು

ಕಮ್ಯುನಿಟಿ ಕಾಲೇಜೆಂಬ ಹೆಸರು ಬರುವ ಮೊದಲೇ ದಕ್ಷಿಣ ಬೆಂಗಳೂರಿನಲ್ಲಿ ಆ ಕೆಲಸ ಮಾಡಿದವು ಸಂಜೆ ಕಾಲೇಜುಗಳು. ಆರ್.ವಿ. ರಸ್ತೆಯ ವಿಜಯ, ಎನ್.ಆರ್. ಕಾಲೊನಿಯ ಆಚಾರ್ಯ ಪಾಠಶಾಲೆ, ಜಯನಗರದ ಬಿಇಎಸ್ ಸಂಸ್ಥೆಗಳ ಸಂಜೆ ತರಗತಿಗಳ ಹೆಸರು ಹೇಳಿದರೆ ಸಾಕು, ಈ ಭಾಗದ ಹಿರಿಯರ ಮುಖ ಅರಳುತ್ತದೆ. ಹಗಲು ಎಚ್‌ಎಂಟಿಯಲ್ಲೋ ಬಿಇಎಲ್‌ನಲ್ಲೋ ಮೈಕೊದಲ್ಲೋ ಪಾಳಿ ಮುಗಿಸಿ, ಟಿಫಿನ್ ಡಬ್ಬಿ ಚೀಲದಲ್ಲಿಟ್ಟುಕೊಂಡೇ ತರಗತಿಗೆ ಬಂದು ಕೂತವರು ಅಲ್ಲಿ ಬಿ.ಕಾಂ ಓದಿದರು. ಬ್ಯಾಂಕಿನ ಗುಮಾಸ್ತರು ಆ ಪದವಿಯಿಂದ ಅಧಿಕಾರಿಗಳಾದರು. ಮದುವೆಯಾಗಿ ಓದು ನಿಲ್ಲಿಸಿದ್ದ ಹೆಣ್ಣುಮಕ್ಕಳು ಮತ್ತೆ ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿದರು.

ಆ ಓದಿಗೆ ಎಷ್ಟು ಶ್ರಮ ಬೇಕಿತ್ತು ಎಂಬುದನ್ನು ಇಂದಿನವರು ಊಹಿಸುವುದು ಕಷ್ಟ. ಮೇಷ್ಟ್ರು ಡೆಬಿಟ್ ಕ್ರೆಡಿಟ್ ಹೇಳುವಾಗ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಒಂಬತ್ತಕ್ಕೆ ತರಗತಿ ಬಿಟ್ಟರೆ ಮನೆ ಸೇರುವುದು ಹತ್ತು ಗಂಟೆಗೆ. ಮರುದಿನ ಬೆಳಿಗ್ಗೆ ಆರಕ್ಕೆ ಕಾರ್ಖಾನೆಯ ಬಸ್ಸು. ಪರೀಕ್ಷೆಯ ತಿಂಗಳು ರಜೆಗಾಗಿ ಮೇಲಧಿಕಾರಿಯ ಮುಂದೆ ನಿಂತು ಬೇಡಬೇಕಿತ್ತು. ಇಷ್ಟೆಲ್ಲ ಆಗಿ ಪಾಸಾದ ಮೇಲೆ ಪದವಿ ಪತ್ರ ಕೈ ಸೇರಿದ್ದು ಬಹುಮಟ್ಟಿಗೆ ಅಂಚೆಯಲ್ಲಿ ಅಥವಾ ಕಚೇರಿಯ ಕಿಟಕಿಯಲ್ಲಿ. ಘಟಿಕೋತ್ಸವಕ್ಕೆ ಹೋಗಲು ಇನ್ನೊಂದು ದಿನದ ರಜೆ ಕೇಳುವ ಧೈರ್ಯ ಎಷ್ಟು ಜನರಿಗಿದ್ದೀತು?

ಬಡತನವನ್ನು ಮೀರಿ ಓದುವುದೆಂದರೇನು ಎಂದು ಈ ಭಾಗಕ್ಕೆ ತಮ್ಮ ಬದುಕಿನಿಂದಲೇ ತೋರಿಸಿದವರು ಡಾ. ಎಚ್. ನರಸಿಂಹಯ್ಯ. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ ಹುಟ್ಟಿದ ಅವರು, ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದರು. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದರು. ಮತ್ತೆ ಓದಿ, ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿ, ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಪರಮಾಣು ಭೌತವಿಜ್ಞಾನದಲ್ಲಿ ಪಿಎಚ್‌ಡಿ ಪಡೆದು ಬಂದರು. ಪ್ರಾಂಶುಪಾಲರಾದಾಗಲೂ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗಲೂ ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ ಬಿಡಲಿಲ್ಲ. 2005ರ ಜನವರಿ 31ರಂದು ತೀರಿಕೊಳ್ಳುವವರೆಗೆ ಅವರ ಮನೆ ಎಂದರೆ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆ.

ಅವರು 1962ರಲ್ಲಿ ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆಯಲ್ಲಿ ಪ್ರತಿ ಬುಧವಾರ ಉಪನ್ಯಾಸ ನಡೆಯುತ್ತಿತ್ತು. ಅದಕ್ಕೆ ಪ್ರವೇಶ ಪರೀಕ್ಷೆ ಇರಲಿಲ್ಲ, ಶುಲ್ಕ ಇರಲಿಲ್ಲ. ನಿವೃತ್ತ ನೌಕರರು, ಅಂಗಡಿಯವರು, ಶಾಲಾ ಮಕ್ಕಳು ಬಂದು ಕೂತು ವಿಜ್ಞಾನಿಗಳ ಮಾತು ಕೇಳಿದರು. ಕಾಲೇಜು ತನ್ನ ಗೋಡೆಯೊಳಗಿನವರಿಗೆ ಮಾತ್ರ ಸೇರಿದ್ದಲ್ಲ, ಸುತ್ತಲಿನ ಜನರಿಗೂ ಸೇರಿದ್ದು ಎಂಬ ನಂಬಿಕೆ ಅದರ ಹಿಂದಿತ್ತು. ಕಮ್ಯುನಿಟಿ ಕಾಲೇಜಿನ ತಿರುಳೂ ಇದೇ ನಂಬಿಕೆ.

ವೇದಿಕೆ ಯಾರದು?

ಕನ್ನಡ ನಾಡಿನ ಘಟಿಕೋತ್ಸವದ ಪರಂಪರೆ ಮೈಸೂರಿನಿಂದ ಶುರು. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ ಮೊದಲ ಘಟಿಕೋತ್ಸವ ನಡೆದದ್ದು 1918ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿ, ಕಲ್ಕತ್ತೆಯ ಸರ್ ಆಶುತೋಷ್ ಮುಖರ್ಜಿ ಭಾಷಣಕಾರರು. ಆಗ ಪದವೀಧರರ ಸಂಖ್ಯೆ ಕಡಿಮೆ. ಪ್ರತಿಯೊಬ್ಬರನ್ನೂ ಕರೆಯುವುದು ಕಷ್ಟವಾಗಿರಲಿಲ್ಲ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬೇರೆಯಾಯಿತು. ಕಾಲೇಜುಗಳು ನೂರಾರಾದವು, ಪದವೀಧರರು ಸಾವಿರ ಸಾವಿರವಾದರು. ಇಂದು ಜ್ಞಾನಭಾರತಿಯ ವೇದಿಕೆ ಏರುವವರು ಚಿನ್ನದ ಪದಕ ಗೆದ್ದವರು, ರ‍್ಯಾಂಕ್ ಪಡೆದವರು, ಪಿಎಚ್‌ಡಿ ಮುಗಿಸಿದವರು. ಉಳಿದವರ ಪತ್ರ ಅವರವರ ಕಾಲೇಜಿಗೋ ಮನೆಗೋ ಬರುತ್ತದೆ. ಈಗಂತೂ ಡಿಜಿಲಾಕರ್‌ನಲ್ಲಿ ಮೊಬೈಲಿಗೇ ಇಳಿಯುತ್ತದೆ. ಸೌಲಭ್ಯವಾಗಿ ಅದು ಒಳ್ಳೆಯದೇ, ಆದರೆ ಅದು ಸಂಭ್ರಮಕ್ಕೆ ಬದಲಿಯಲ್ಲ.

ಈ ಕೊರತೆ ತುಂಬಲು ಕಾಲೇಜುಗಳು, ಅದರಲ್ಲೂ ಸ್ವಾಯತ್ತ ಕಾಲೇಜುಗಳು, ತಮ್ಮ ಆವರಣದಲ್ಲೇ ‘ಗ್ರಾಜುಯೇಷನ್ ಡೇ’ ನಡೆಸತೊಡಗಿವೆ. ಪದವಿ ಕೊಡುವುದು ವಿಶ್ವವಿದ್ಯಾಲಯವೇ ಆದರೂ ಹೆಸರು ಕೂಗುವುದು ಕಾಲೇಜು. ಜಯನಗರ, ಜೆ.ಪಿ. ನಗರದ ಕಾಲೇಜೊಂದರ ಗೇಟಿನಲ್ಲಿ ಅಂಥ ದಿನ ನಿಂತು ನೋಡಬೇಕು. ಮಲ್ಲಿಗೆ ಮುಡಿದ ತಾಯಂದಿರು, ಇಸ್ತ್ರಿ ಅಂಗಿಯ ತಂದೆಯಂದಿರು, ಊರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಅಜ್ಜಿ, ತಂಗಿಯ ಕೈಯಲ್ಲಿ ಮೊಬೈಲು. ಬಾಡಿಗೆ ಗೌನು ತೊಟ್ಟ ಮಗಳು ಟೋಪಿಯನ್ನು ಅಮ್ಮನ ತಲೆಗಿಟ್ಟು ಫೋಟೊ ತೆಗೆಸಿಕೊಳ್ಳುತ್ತಾಳೆ. ಪದವಿ ಒಬ್ಬರದಲ್ಲ, ಮನೆಮಂದಿಯದು ಎಂದು ಆ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಅದೇ ಆವರಣದಲ್ಲಿ ಆರು ತಿಂಗಳ ಸರ್ಟಿಫಿಕೇಟ್ ಮುಗಿಸಿದವರು, ಒಂದು ವರ್ಷದ ಡಿಪ್ಲೊಮಾ ಮುಗಿಸಿದವರು, ಸಂಜೆ ತರಗತಿಯವರು ಆ ದಿನ ಎಲ್ಲಿರುತ್ತಾರೆ? ಎಷ್ಟೋ ಕಡೆ ಅವರಿಗೆ ಆಹ್ವಾನವೇ ಇರುವುದಿಲ್ಲ. ಇದ್ದರೂ ಸಮಾರಂಭ ಇಟ್ಟಿರುವುದು ಕೆಲಸದ ದಿನ, ಬೆಳಿಗ್ಗೆ ಹತ್ತಕ್ಕೆ. ಆಸ್ಪತ್ರೆಯಲ್ಲಿ ಪಾಳಿ ಇರುವ ಸಹಾಯಕಿ, ಶೋರೂಮಿನ ಸೇಲ್ಸ್ ಹುಡುಗ, ಗಾರ್ಮೆಂಟ್ಸ್‌ನಲ್ಲಿ ಲೈನ್ ನೋಡಿಕೊಳ್ಳುವ ಹೆಣ್ಣುಮಗಳು ಒಂದು ದಿನದ ಸಂಬಳ ಬಿಟ್ಟು ಬರಬೇಕು. ಅವರು ಬರುವುದಿಲ್ಲ. ಬಂದಿಲ್ಲವೆಂಬ ಕಾರಣಕ್ಕೆ ಮರುವರ್ಷ ಅವರನ್ನು ಕರೆಯುವುದೂ ಇಲ್ಲ.

ಈ ಮಕ್ಕಳಲ್ಲಿ ಬಹಳ ಮಂದಿ ತಮ್ಮ ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ದಾಟಿದ ಮೊದಲಿಗರು. ಅವರ ತಂದೆ ತಾಯಿ ಯಾವ ಕಾಲೇಜಿನ ಸಭಾಂಗಣದಲ್ಲೂ ಅತಿಥಿಯಾಗಿ ಕೂತವರಲ್ಲ. ಕಟ್ಟಡ ಕೆಲಸಕ್ಕೋ ಸ್ವಚ್ಛತೆಗೋ ಅಡುಗೆಗೋ ಬಂದು, ಹಿಂಬಾಗಿಲಿನಿಂದ ಹೋದವರಿದ್ದಾರೆ. ಅವರನ್ನು ಒಂದು ದಿನ ಮುಂಬಾಗಿಲಿನಿಂದ ಕರೆದು, ಕುರ್ಚಿ ಕೊಟ್ಟು, ಅವರ ಮಗನ ಹೆಸರನ್ನು ಅವರಿಗೆ ಕೇಳುವಂತೆ ಓದಿದರೆ ಆ ಮನೆಯ ಮುಂದಿನ ಮಗುವಿನ ಓದು ಅಲ್ಲೇ ನಿರ್ಧಾರವಾಗುತ್ತದೆ. ಎಷ್ಟೋ ಜಾಹೀರಾತುಗಳಿಂದ ಆಗದ ದಾಖಲಾತಿ ಅಂಥ ಒಂದು ಮಧ್ಯಾಹ್ನದಿಂದ ಆಗುತ್ತದೆ.

ಗೌನು ಇರಲಿ, ಇಲ್ಲದಿರಲಿ

ಸಮಾರಂಭ ಎಂದೊಡನೆ ಖರ್ಚಿನ ಮಾತು ಬರುತ್ತದೆ. ಗೌನಿನ ಬಾಡಿಗೆ, ಟೋಪಿ, ಫೋಟೊ ಪ್ಯಾಕೇಜು. ದಿನದ ಸಂಬಳ ಲೆಕ್ಕ ಹಾಕುವ ಮನೆಗೆ ಇದು ಸಣ್ಣದಲ್ಲ. ಆದರೆ ಕಪ್ಪು ಗೌನು ಅನಿವಾರ್ಯವೆಂದು ಯಾರೂ ವಿಧಿಸಿಲ್ಲ. ಅದು ಮಧ್ಯಯುಗದ ಯುರೋಪಿನ ವಿಶ್ವವಿದ್ಯಾಲಯಗಳಿಂದ ಬಂದ ಉಡುಪು. 2010ರಲ್ಲಿ ಭೋಪಾಲದ ಅರಣ್ಯ ನಿರ್ವಹಣಾ ಸಂಸ್ಥೆಯ ಘಟಿಕೋತ್ಸವದಲ್ಲಿ ಆಗಿನ ಪರಿಸರ ಸಚಿವ ಜೈರಾಂ ರಮೇಶ್ ವೇದಿಕೆಯ ಮೇಲೆಯೇ ಗೌನು ಕಳಚಿಟ್ಟದ್ದು ದೊಡ್ಡ ಸುದ್ದಿಯಾಗಿತ್ತು. 2019ರಲ್ಲಿ ಯುಜಿಸಿಯೇ ಘಟಿಕೋತ್ಸವಗಳಲ್ಲಿ ಕೈಮಗ್ಗದ ಉಡುಪು ಬಳಸುವಂತೆ ವಿಶ್ವವಿದ್ಯಾಲಯಗಳಿಗೆ ಸೂಚಿಸಿತು.

ನಮ್ಮ ನಾಡಿನಲ್ಲಿ ಕೈಮಗ್ಗಕ್ಕೆ ಬರವಿಲ್ಲ. ದೇಶಕ್ಕೆ ಖಾದಿಯ ರಾಷ್ಟ್ರಧ್ವಜ ತಯಾರಿಸಿಕೊಡುವ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘ ಇಲ್ಲಿದೆ. ಇಳಕಲ್ಲು, ಮೊಳಕಾಲ್ಮೂರು ಇಲ್ಲಿವೆ. ಒಂದು ಖಾದಿ ಶಲ್ಯ ಹೊದಿಸಿ ಪ್ರಮಾಣಪತ್ರ ಕೊಟ್ಟರೆ ನೇಯ್ದವರಿಗೂ ಕೆಲಸ, ಕಲಿತವರಿಗೂ ಗೌರವ. ಆ ಶಲ್ಯ ಬಾಡಿಗೆಯದಲ್ಲ, ಮನೆಗೆ ಒಯ್ಯುವಂಥದ್ದು. ಹಾಗೆಂದು ಗೌನು ತೊಡುವ ಆಸೆಯಿರುವ ಹುಡುಗಿಯನ್ನು ತಡೆಯಬೇಕಿಲ್ಲ. ಇಷ್ಟು ವರ್ಷ ಸಿನಿಮಾದಲ್ಲಿ, ಬೇರೆಯವರ ಮನೆಯ ಗೋಡೆಯ ಮೇಲೆ ನೋಡಿದ ಉಡುಪನ್ನು ತಾನೂ ಒಮ್ಮೆ ತೊಡಬೇಕೆಂಬ ಬಯಕೆ ನ್ಯಾಯವಾದದ್ದು. ಅವಳ ಮೇಲೆ ಅದರ ಹೊರೆ ಬೀಳಬಾರದು ಅಷ್ಟೆ.

ಓದು ಮುಗಿಸಿ ಹೊರಡುವ ಶಿಷ್ಯನನ್ನು ಕೂರಿಸಿಕೊಂಡು ಬದುಕಿನ ಬುದ್ಧಿ ಹೇಳುವ ಪದ್ಧತಿ ನಮ್ಮಲ್ಲಿ ತೈತ್ತಿರೀಯ ಉಪನಿಷತ್ತಿನಷ್ಟು ಹಳೆಯದು. ಕಾಯಕಕ್ಕೆ ಬೆಲೆ ಕೊಟ್ಟ ಶರಣರ ಪರಂಪರೆಯೂ ನಮ್ಮದೇ. ಮಡಿವಾಳ, ಅಂಬಿಗ, ಮೇದಾರ, ಹಡಪದ ಎಂಬ ಕಸುಬುಗಳನ್ನು ಹೆಸರಿನ ಜೊತೆಗೇ ಹೊತ್ತ ಶರಣರು ಅನುಭವ ಮಂಟಪದಲ್ಲಿ ಸರಿಸಮವಾಗಿ ಕೂತರೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಹೆಮ್ಮೆ ನಿಜವಾದರೆ ನಮ್ಮ ಕಾಲೇಜಿನ ವೇದಿಕೆಯಲ್ಲಿ ಪ್ಲಂಬಿಂಗ್ ಡಿಪ್ಲೊಮಾದವನಿಗೂ ಬಿ.ಎಸ್‌ಸಿ ಪದವೀಧರೆಯ ಪಕ್ಕದಲ್ಲೇ ಜಾಗ ಇರಬೇಕು.

ಆಗಬೇಕಾದದ್ದು ಇಷ್ಟೇ

ಇದಕ್ಕೆ ಹೊಸ ಕಾನೂನು ಬೇಡ, ದೊಡ್ಡ ಅನುದಾನವೂ ಬೇಡ. ಮೊದಲನೆಯದು, ದಿನ ಭಾನುವಾರವಾಗಲಿ. ಕೆಲಸಕ್ಕೆ ಹೋಗುವವರು, ಅವರ ಮನೆಯವರು ಬರುವಂತಿರಲಿ. ಎರಡನೆಯದು, ಜಾಗ ಹತ್ತಿರದ್ದಾಗಲಿ. ಜಯನಗರ ಏಳನೇ ಬ್ಲಾಕಿನ ಡಾ. ಎಚ್.ಎನ್. ಕಲಾಕ್ಷೇತ್ರ, ಎಂಟನೇ ಬ್ಲಾಕಿನ ಜೆಎಸ್‌ಎಸ್ ಸಭಾಂಗಣದಂಥ ಜಾಗಗಳು ಈ ಭಾಗದಲ್ಲಿ ಇವೆ. ಒಂದೊಂದು ಸಂಸ್ಥೆಗೂ ಬೇರೆ ಸಮಾರಂಭ ಮಾಡುವ ಶಕ್ತಿ ಇಲ್ಲದಿದ್ದರೆ ಐಟಿಐ, ಪಾಲಿಟೆಕ್ನಿಕ್, ಸಂಜೆ ಕಾಲೇಜು, ಕೌಶಲ ಕೇಂದ್ರಗಳು ಸೇರಿ ವರ್ಷಕ್ಕೊಮ್ಮೆ ಒಂದೇ ದೊಡ್ಡ ಪದವಿ ಹಬ್ಬ ಮಾಡಬಹುದು. ಗಣೇಶೋತ್ಸವಕ್ಕೂ ರಾಜ್ಯೋತ್ಸವಕ್ಕೂ ಚಂದಾ ಎತ್ತುವ ಬಡಾವಣೆಗಳಿಗೆ ಇದೊಂದು ಭಾರವಲ್ಲ.

ಮೂರನೆಯದು, ಮಾತು ಕನ್ನಡದಲ್ಲಿರಲಿ. ಕೆಳಗೆ ಕೂತ ಅಜ್ಜಿಗೆ ತಿಳಿಯದ ಭಾಷೆಯಲ್ಲಿ ಒಂದು ಗಂಟೆ ಭಾಷಣ ಮಾಡುವುದರಿಂದ ಯಾರಿಗೂ ಲಾಭವಿಲ್ಲ. ಬಿಟಿಎಂ, ತಾವರೆಕೆರೆ, ಗುರಪ್ಪನಪಾಳ್ಯದ ಮನೆಗಳಲ್ಲಿ ಉರ್ದು, ತಮಿಳು, ತೆಲುಗು ಆಡುವ ತಾಯಂದಿರಿದ್ದಾರೆ. ಅವರಿಗೂ ಒಂದೆರಡು ಮಾತು ಅವರ ನುಡಿಯಲ್ಲಿ ಸಿಗಲಿ. ನಾಲ್ಕನೆಯದು, ಮುಖ್ಯ ಅತಿಥಿ ಯಾವಾಗಲೂ ಮಂತ್ರಿ, ಕಂಪನಿಯ ಮುಖ್ಯಸ್ಥರೇ ಆಗಬೇಕಿಲ್ಲ. ಮೂವತ್ತು ವರ್ಷ ಲೇತಿನ ಮುಂದೆ ನಿಂತ ಟೂಲ್ ಮೇಕರ್, ಸಾವಿರಾರು ಹೆರಿಗೆ ಮಾಡಿಸಿದ ನರ್ಸ್, ಸಂಜೆ ಕಾಲೇಜಿನಲ್ಲಿ ಓದಿ ಮ್ಯಾನೇಜರ್ ಆದ ಬ್ಯಾಂಕ್ ನೌಕರ ಬಂದು ಮಾತನಾಡಲಿ. ಆ ಮಕ್ಕಳ ಮುಂದಿನ ದಾರಿ ಅವರಿಗೆ ಚೆನ್ನಾಗಿ ಗೊತ್ತು.

ಐದನೆಯದು, ಪ್ರತಿಯೊಬ್ಬರ ಹೆಸರನ್ನೂ ಸರಿಯಾಗಿ ಓದಬೇಕು. ಹಿಂದಿನ ದಿನವೇ ಕೇಳಿ, ಬರೆದಿಟ್ಟುಕೊಂಡು ಓದಬೇಕು. ಅಪ್ಪ ಅಮ್ಮನ ಹೆಸರನ್ನೂ ಸೇರಿಸಿ ಓದಬೇಕು. ಆರನೆಯದು, ವೇದಿಕೆಯ ಮೇಲೆ ಕೊಡುವುದು ಖಾಲಿ ಸುರುಳಿಯಾಗಬಾರದು, ನಿಜವಾದ ಪ್ರಮಾಣಪತ್ರವೇ ಆಗಿರಬೇಕು. ಸಮಾರಂಭದ ಮರುದಿನವೇ ಅದನ್ನು ಹ್ಯಾಂಡ್‌ಬ್ಯಾಗಿನಲ್ಲಿಟ್ಟುಕೊಂಡು ಸಂದರ್ಶನಕ್ಕೆ ಹೋಗುವವರಿದ್ದಾರೆ.

ಸಮಾರಂಭ ಚೆನ್ನಾಗಿ ಮಾಡಿದರೆ ಓದಿನ ಗುಣಮಟ್ಟ ತಾನಾಗಿ ಹೆಚ್ಚುವುದಿಲ್ಲ, ನಿಜ. ಹಳೆಯ ಯಂತ್ರ, ಖಾಲಿ ಹುದ್ದೆ, ಹೆಸರಿಗೆ ಮಾತ್ರ ನಡೆಯುವ ತರಬೇತಿಗಳ ಮೇಲೆ ಶಲ್ಯ ಹೊದಿಸಿ ಮುಚ್ಚಿಡುವುದು ಮಕ್ಕಳಿಗೆ ಮಾಡುವ ಮೋಸ. ಆದರೆ ಊರಿನವರ ಮುಂದೆ, ಹೆತ್ತವರ ಮುಂದೆ ಪ್ರಮಾಣಪತ್ರ ಕೊಡಬೇಕಾದ ಸಂಸ್ಥೆಗೆ ಒಂದು ಜವಾಬ್ದಾರಿಯೂ ಬರುತ್ತದೆ. ಹೋದ ವರ್ಷ ವೇದಿಕೆ ಏರಿದವರಿಗೆ ಕೆಲಸ ಸಿಕ್ಕಿತೇ ಎಂದು ಮುಂದಿನ ಸಾಲಿನಲ್ಲಿ ಕೂತ ತಂದೆ ಕೇಳಬಲ್ಲ. ಕೌಂಟರಿನಲ್ಲಿ ಆ ಪ್ರಶ್ನೆ ಕೇಳುವವರಿಲ್ಲ.

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಭಾಗದ ಪ್ರಾಂಶುಪಾಲರಲ್ಲಿ, ಆಡಳಿತ ಮಂಡಳಿಗಳಲ್ಲಿ, ಬಡಾವಣೆಯ ಸಂಘಗಳಲ್ಲಿ ಒಂದು ವಿನಂತಿ. ನಿಮ್ಮ ಮುಂದಿನ ಪದವಿ ಪ್ರದಾನದ ಆಹ್ವಾನಪತ್ರಿಕೆ ಅಚ್ಚಿಗೆ ಕಳಿಸುವ ಮೊದಲು ಸಂಜೆ ತರಗತಿಯ, ಡಿಪ್ಲೊಮಾದ, ಸರ್ಟಿಫಿಕೇಟ್ ಕೋರ್ಸಿನ ಹಾಜರಿ ಪುಸ್ತಕಗಳನ್ನೂ ತರಿಸಿಕೊಳ್ಳಿ. ಅವುಗಳಲ್ಲಿರುವ ಹೆಸರುಗಳನ್ನೂ ಪಟ್ಟಿಗೆ ಸೇರಿಸಿ. ಓದುಗರಲ್ಲಿ ಯಾರಾದರೂ ಸಂಜೆ ಕಾಲೇಜಿನಲ್ಲೋ ಐಟಿಐಯಲ್ಲೋ ಕಲಿತು ಬಾಳು ಕಟ್ಟಿಕೊಂಡವರಿದ್ದರೆ, ನೀವು ಕಲಿತ ಸಂಸ್ಥೆಗೆ ಈ ವರ್ಷ ಒಮ್ಮೆ ಹೋಗಿ ಬನ್ನಿ. ನಿಮಗೆ ಸಿಗದ ವೇದಿಕೆಯನ್ನು ಈಗ ಕಲಿಯುತ್ತಿರುವ ಮಕ್ಕಳಿಗೆ ಕೊಡಿಸಿ. ಅದು ನೀವು ಕೊಡಬಹುದಾದ ಅತ್ಯುತ್ತಮ ಗುರುದಕ್ಷಿಣೆ.